ನಿಂತರೆ ಕಟ್ಟಿಕೊಳ್ಳುವ, ಮಲಗಿದರೆ ಬಿಡುವ ಕಿವಿ: ಇದು ಮೆನಿಯೆರ್ ಕಾಯಿಲೆಯೇ?

ಪ್ರಶ್ನೆ: ಘಟ್ಟದ ಮೇಲಿನವಳು, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಊರು ಶಿರಸಿಯ ಹತ್ತಿರ. ಮದುವೆಯಾದಂದಿನಿಂದ ಡೊಂಬಿವಲಿಯಲ್ಲಿದ್ದೇನೆ, ಫೋರ್ಟ್‌ನ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ನಾಲ್ಕು ತಿಂಗಳಿನಿಂದ ಎರಡೂ ಕಿವಿಗಳು, ಅದರಲ್ಲೂ ಎಡಗಿವಿ, ಹೊತ್ತು ಏರಿದಂತೆ ಕಟ್ಟಿಕೊಳ್ಳುತ್ತವೆ. ನೀರಿನಲ್ಲಿ ಮುಳುಗಿ ಹೊರಗಿನ ಮಾತು ಕೇಳಿದ ಹಾಗೆ ಆಗುತ್ತದೆ. ಗಂಡಸರ ದನಿ ಮಸುಕಾಗುತ್ತದೆ, ಅದೇ ಹೊತ್ತಿನಲ್ಲಿ ಕುಕ್ಕರಿನ ಸೀಟಿಯೋ ತಟ್ಟೆ ಬಿದ್ದ ಸದ್ದೋ ಕಿವಿಯನ್ನು ಇರಿಯುತ್ತದೆ. ಒಳಗೆ ಸದಾ ಶಂಖ ಹಿಡಿದಂತಹ ಮೊರೆತ.

ಬೆಳಿಗ್ಗೆ ಏಳುವಾಗ ಇದೊಂದೂ ಇರುವುದಿಲ್ಲ. ಮಹಿಳಾ ಡಬ್ಬಿಯಲ್ಲಿ ನಿಂತುಕೊಂಡು ಹೊರಟರೆ ಠಾಣೆ ದಾಟುವಾಗ ಕಿವಿ ಭಾರವಾಗತೊಡಗುತ್ತದೆ, ಕುರ್ಲಾ ಬರುವ ಹೊತ್ತಿಗೆ ಪಕ್ಕದಲ್ಲಿ ನಿಂತವರು ಮಾತನಾಡಿಸಿದರೆ ತುಟಿ ನೋಡಿ ಉತ್ತರಿಸಬೇಕಾಗುತ್ತದೆ. ಮಧ್ಯಾಹ್ನದ ಮೇಲೆ ಹಿಂದಲೆಯಲ್ಲಿ ನೋವೂ ಸೇರಿಕೊಳ್ಳುತ್ತದೆ. ಅದನ್ನು ನಾನು ರೈಲಿನ ದಣಿವು ಎಂದುಕೊಂಡು ವೈದ್ಯರಿಗೆ ಹೇಳಿರಲಿಲ್ಲ.

ನನ್ನ ಸಂಶಯ ಹುಟ್ಟಿದ್ದು ಒಂದು ಸಣ್ಣ ಸಂಗತಿಯಿಂದ. ನಮ್ಮ ಮಲಗುವ ಕೋಣೆಯ ಹಳೆಯ ಫ್ಯಾನು ತಿರುಗುವಾಗ ಎರಡು ಸದ್ದು ಮಾಡುತ್ತದೆ. ಒಂದು ಮೋಟಾರಿನ ತಗ್ಗಿದ ಗುಂಯ್‌ಕಾರ. ಇನ್ನೊಂದು, ಮೇಲಿನ ಬಟ್ಟಲು ಸಡಿಲವಾಗಿರುವುದರಿಂದ ಬರುವ ಟಿಕ್ ಟಿಕ್. ಸಂಜೆ ಮನೆಗೆ ಬಂದು, ಬಲಗಿವಿಯನ್ನು ಬೆರಳಿನಿಂದ ಮುಚ್ಚಿ ಫ್ಯಾನಿನ ಕೆಳಗೆ ನಿಂತರೆ ಎಡಗಿವಿಗೆ ಟಿಕ್ ಟಿಕ್ ಮಾತ್ರ ಕೇಳುತ್ತದೆ. ದಿಂಬಿಲ್ಲದೆ ಮಲಗಿ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಗುಂಯ್‌ಕಾರ ದೂರದಿಂದ ನಡೆದು ಬಂದಂತೆ ಮೆಲ್ಲಗೆ ಮರಳುತ್ತದೆ. ಎದ್ದು ಅಡುಗೆ ಮನೆಗೆ ಹೋಗಿ ಒಂದು ಗಂಟೆ ನಿಂತು ಬಂದರೆ ಮತ್ತೆ ಇಲ್ಲ. ಹದಿನೈದು ದಿನ ಹೀಗೆಯೇ ನೋಡಿದೆ. ಒಂದು ದಿನವೂ ತಪ್ಪಲಿಲ್ಲ.

ಇಲ್ಲಿಯ ಕಿವಿ-ಮೂಗು-ಗಂಟಲು ವೈದ್ಯರೊಬ್ಬರು ಆಡಿಯೋಗ್ರಾಮ್ ಮಾಡಿಸಿದರು, ಅಂದರೆ ಯಾವ ಸದ್ದು ಎಷ್ಟು ಜೋರಾದರೆ ಕಿವಿಗೆ ಕೇಳುತ್ತದೆ ಎಂದು ಅಳೆಯುವ ಪರೀಕ್ಷೆ; ಅಂಕೆ ಹೆಚ್ಚಿದಷ್ಟೂ ಶ್ರವಣ ಕಡಿಮೆ. ಎಡಗಿವಿಯಲ್ಲಿ 250 ಹರ್ಟ್ಜ್‌ಗೆ 45 ಡೆಸಿಬೆಲ್, 500ಕ್ಕೆ 40, 1000ಕ್ಕೆ 25, ಅದರಾಚೆ ಎಲ್ಲ ಸರಿ. ಬಲಗಿವಿಯಲ್ಲಿ 250 ಹರ್ಟ್ಜ್‌ಗೆ 30. ಇದು ಒಳಗಿವಿಯ ಮೆನಿಯೆರ್ ಕಾಯಿಲೆ ಎಂದು ಹೇಳಿ ಬೀಟಾಹಿಸ್ಟಿನ್ ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ಒಂದು ಮಾತ್ರೆ ಕೊಟ್ಟು, ಉಪ್ಪು ಕಡಿಮೆ ಮಾಡಲು ತಿಳಿಸಿದರು. ಆರು ವಾರ ಕಟ್ಟುನಿಟ್ಟಾಗಿ ಪಾಲಿಸಿದೆ, ಏನೂ ಬದಲಾಗಲಿಲ್ಲ. ಲೋಕವೇ ಗಿರಗಿರನೆ ತಿರುಗುವಂತಹ ತಲೆಸುತ್ತು ನನಗೆ ಒಮ್ಮೆಯೂ ಬಂದಿಲ್ಲ. ನಡೆಯುವಾಗ ದೋಣಿಯಲ್ಲಿ ಕಾಲಿಟ್ಟಂತಹ ಓಲಾಟ ಮಾತ್ರ ಇದೆ. ಇದು ಶುರುವಾಗುವ ಮುಂಚಿನ ದಿನ ಚೌತಿಗೆಂದು ಮನೆ ತೊಳೆಯುವಾಗ ಲಾಫ್ಟ್‌ನಿಂದ ಹಿತ್ತಾಳೆ ಪಾತ್ರೆಗಳ ಟ್ರಂಕ್ ಇಳಿಸಿದ್ದೆ, ಆಗ ಬೆನ್ನಿನ ಮೇಲ್ಭಾಗದಲ್ಲಿ ಒಂದು ಸೆಳೆತ ಬಂದಿತ್ತು. ಇದಕ್ಕೂ ಅದಕ್ಕೂ ಸಂಬಂಧವಿದೆಯೋ ತಿಳಿಯದು.

ಕಿವಿಯ ಕಾಯಿಲೆಯೊಂದು ನಿಲ್ಲುವುದು ಮಲಗುವುದನ್ನು ಅನುಸರಿಸಿ ಹೀಗೆ ಬದಲಾಗಬಹುದೇ? ಇದನ್ನು ವೈದ್ಯರ ಮುಂದೆ ಹೇಗೆ ಹೇಳಬೇಕು? ತಿಳಿದವರು ದಯವಿಟ್ಟು ಉತ್ತರಿಸಿ.

ಉತ್ತರ: ಶ್ರವಣ ಪರೀಕ್ಷಕಿ, ಚಿಂಚವಡ

ನಮಸ್ಕಾರ ಮೇಡಂ. ನಾನು ಪುಣೆಯಲ್ಲಿ ಹಲವು ವರ್ಷಗಳಿಂದ ಶ್ರವಣ ಪರೀಕ್ಷೆಯ ಕೆಲಸ ಮಾಡುತ್ತಿದ್ದೇನೆ. ವೈದ್ಯೆಯಲ್ಲ, ಆದ್ದರಿಂದ ರೋಗ ಇಂಥದ್ದೇ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ನಿಮ್ಮ ಫ್ಯಾನಿನ ಮಾತು ಓದಿ ಸುಮ್ಮನಿರಲಾಗಲಿಲ್ಲ. ಗುಂಯ್‌ಕಾರ ತಗ್ಗು ಕಂಪನಾಂಕದ ಸದ್ದು, ಟಿಕ್ ಟಿಕ್ ಹೆಚ್ಚು ಕಂಪನಾಂಕದ್ದು. ಮೊದಲನೆಯದು ಮಾತ್ರ ಕಳೆದುಹೋಗುವುದು ನಿಮ್ಮ ಆಡಿಯೋಗ್ರಾಮಿನ ಅಂಕೆಗಳಿಗೆ ಸರಿಯಾಗಿ ಹೊಂದುತ್ತದೆ. ಬೂತ್ ಇಲ್ಲದೆ, ಯಂತ್ರವಿಲ್ಲದೆ, ಮನೆಯ ಫ್ಯಾನಿನ ಕೆಳಗೆ ನೀವು ಒಂದು ಒಳ್ಳೆಯ ಪರೀಕ್ಷೆಯನ್ನೇ ಮಾಡಿದ್ದೀರಿ.

ಒಳಗಿವಿಯಲ್ಲಿ ಶಂಖದ ಆಕಾರದ ಕಾಕ್ಲಿಯಾ ಇದೆ. ಅದರೊಳಗೆ ಎರಡು ಬಗೆಯ ದ್ರವಗಳು ಬೇರೆಬೇರೆ ಕಾಲುವೆಗಳಲ್ಲಿವೆ: ಹೊರಗಿನದು ಪೆರಿಲಿಂಫ್, ಒಳಗಿನದು ಎಂಡೋಲಿಂಫ್. ಎರಡರ ನಡುವೆ, ಒಂದು ಬದಿಯಲ್ಲಿ, ಈರುಳ್ಳಿಯ ಒಳಪೊರೆಗಿಂತಲೂ ಎಷ್ಟೋ ತೆಳುವಾದ ರೈಸ್ನರ್ ಪೊರೆ ಇದೆ. ಎಂಡೋಲಿಂಫ್ ಉಬ್ಬಿ ಈ ಪೊರೆ ಹೊರಕ್ಕೆ ಬಾಗಿದರೆ ಕಿವಿ ಕಟ್ಟಿದಂತಾಗುತ್ತದೆ, ಮೊರೆತ ಬರುತ್ತದೆ, ತಗ್ಗಿದ ಸದ್ದುಗಳು ಮಸುಕಾಗುತ್ತವೆ. ಏಕೆಂದರೆ ತಗ್ಗಿದ ಸದ್ದುಗಳನ್ನು ಗ್ರಹಿಸುವ ಭಾಗ ಶಂಖದ ತುದಿಯಲ್ಲಿದೆ, ಮತ್ತು ಈ ಉಬ್ಬರದ ಪೆಟ್ಟು ಮೊದಲು ಬೀಳುವುದು ಅಲ್ಲಿಗೇ. ಮೆನಿಯೆರ್ ಕಾಯಿಲೆಯಲ್ಲಿ ಕಂಡುಬರುವುದೂ ಇಂತಹ ಉಬ್ಬರವೇ. ಹಾಗಾಗಿ ನಿಮ್ಮ ವೈದ್ಯರು ಆಡಿಯೋಗ್ರಾಮ್ ನೋಡಿ ಮೆನಿಯೆರ್ ಎಂದದ್ದರಲ್ಲಿ ಅಚ್ಚರಿಯಿಲ್ಲ.

ಆದರೆ ಪೊರೆ ಬಾಗುವುದಕ್ಕೆ ಒಳಗಿನ ದ್ರವ ಹೆಚ್ಚಾಗಲೇಬೇಕೆಂದಿಲ್ಲ. ಹೊರಗಿನ ದ್ರವದ ಒತ್ತಡ ಇಳಿದರೂ ಪೊರೆ ಅದೇ ಕಡೆಗೆ ಬಾಗುತ್ತದೆ. ಪೆರಿಲಿಂಫ್ ಇರುವ ಕಾಲುವೆಗೂ ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದ ದ್ರವಕ್ಕೂ, ಅಂದರೆ ಸಿಎಸ್‌ಎಫ್‌ಗೂ, ನಡುವೆ ಮೂಳೆಯೊಳಗೆ ಕೂದಲೆಳೆಯಂತಹ ಒಂದು ನಾಲೆಯಿದೆ. 18ನೆಯ ಶತಮಾನದಲ್ಲಿ ಇಟಲಿಯ ನೇಪಲ್ಸ್‌ನಲ್ಲಿದ್ದ ದೊಮೆನಿಕೊ ಕೊಟುನ್ಯೊ ಎಂಬ ಅಂಗರಚನಾ ತಜ್ಞರು ಒಳಗಿವಿಯ ಈ ನಾಲೆಗಳನ್ನು ವಿವರಿಸಿದರು. ಬೆನ್ನುಹುರಿಯ ಸುತ್ತ ದ್ರವವಿರುತ್ತದೆ ಎಂದು ತೋರಿಸಿದವರೂ ಅವರೇ. ಬೆನ್ನುಮೂಳೆಯ ಬಳಿ ಎಲ್ಲೋ ಡ್ಯೂರಾ ಎಂಬ ಹೊರಪೊರೆ ಹರಿದು ಸಿಎಸ್‌ಎಫ್ ಸೋರಿದರೆ, ನಿಂತಾಗ ತಲೆಯ ಭಾಗದಲ್ಲಿ ಒತ್ತಡ ಇಳಿಯುತ್ತದೆ, ಆ ಇಳಿತ ಈ ನಾಲೆಯ ಮೂಲಕ ಕಿವಿಗೂ ತಲುಪುತ್ತದೆ. ನಾಲೆ ಎಲ್ಲರಲ್ಲೂ ಒಂದೇ ಅಗಲವಾಗಿ ತೆರೆದಿರುವುದಿಲ್ಲ. ಸೋರಿಕೆಯಿರುವ ಎಲ್ಲರಿಗೂ ಕಿವಿಯ ತೊಂದರೆ ಏಕೆ ಬರುವುದಿಲ್ಲ ಎಂಬುದಕ್ಕೆ ಇದೂ ಒಂದು ವಿವರಣೆ. ಇನ್ನೊಂದು ವಿವರಣೆಯೂ ಇದೆ: ದ್ರವದ ಆಸರೆ ತಪ್ಪಿ ಮಿದುಳು ಸ್ವಲ್ಪ ಕೆಳಗೆ ಜಗ್ಗಿದಾಗ ಕಿವಿಯಿಂದ ಹೋಗುವ ಎಂಟನೆಯ ನರವೂ ಜೊತೆಗೆ ಎಳೆಯಲ್ಪಡುತ್ತದೆ. ನಿಮ್ಮ ಓಲಾಟಕ್ಕೂ ಅದು ಕಾರಣವಾಗಿರಬಹುದು.

ಮೆನಿಯೆರ್‌ನ ತಲೆಸುತ್ತು ಬಂದರೆ ಕನಿಷ್ಠ 20 ನಿಮಿಷದಿಂದ 12 ಗಂಟೆಯವರೆಗೆ ಲೋಕ ತಿರುಗುತ್ತದೆ, ವಾಂತಿಯಾಗುತ್ತದೆ, ಮಲಗಿದರೂ ಬಿಡುವುದಿಲ್ಲ. ಸಾಮಾನ್ಯವಾಗಿ ಅದು ಒಂದೇ ಕಿವಿಯಲ್ಲಿ ಆರಂಭವಾಗುತ್ತದೆ. ಏರಿಳಿತ ಅದರಲ್ಲೂ ಇದೆ, ಆದರೆ ಅದು ದಿನ ಮತ್ತು ವಾರಗಳ ಲೆಕ್ಕದ್ದು. ನಿಂತ ಗಂಟೆ ಮಲಗಿದ ಗಂಟೆಯ ಲೆಕ್ಕದ್ದಲ್ಲ.

ಇನ್ನೊಂದು ಸ್ಥಿತಿಯನ್ನೂ ಮರೆಯಬಾರದು. ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ಯುಸ್ಟೇಕಿಯನ್ ನಳಿಕೆ ಮುಚ್ಚಿಕೊಳ್ಳದೆ ಸದಾ ತೆರೆದೇ ಉಳಿದರೂ ಕಿವಿ ಕಟ್ಟಿದಂತಾಗುತ್ತದೆ, ಮಲಗಿದರೆ ಅದೂ ಸರಿಹೋಗುತ್ತದೆ. ತುಂಬ ತೂಕ ಇಳಿದವರಲ್ಲಿ ಇದು ಹೆಚ್ಚು. ಆದರೆ ಅಲ್ಲಿ ತಮ್ಮದೇ ಉಸಿರಾಟದ ಸದ್ದು ಕಿವಿಯೊಳಗೆ ಗಾಳಿ ಬೀಸಿದಂತೆ ಕೇಳುತ್ತದೆ, ಟಿಂಪನೋಮೆಟ್ರಿ ಎಂಬ ಕಿವಿತಮಟೆಯ ಪರೀಕ್ಷೆ ಮಾಡುವಾಗ ಉಸಿರಿನೊಂದಿಗೆ ಕಿವಿತಮಟೆ ಅಲುಗುವುದು ಕಾಣುತ್ತದೆ, ಮತ್ತು ನರಸಂಬಂಧಿ ಶ್ರವಣದೋಷ ಸಾಮಾನ್ಯವಾಗಿ ಇರುವುದಿಲ್ಲ. ನಿಮಗೆ ಉಸಿರು ಕೇಳುತ್ತದೆಯೇ ಎಂದು ಗಮನಿಸಿ ಹೇಳಿ.

ನನ್ನ ಕೋರಿಕೆ ಇಷ್ಟೇ. ಆಡಿಯೋಗ್ರಾಮನ್ನು ಒಂದೇ ದಿನ ಎರಡು ಬಾರಿ ಮಾಡಿಸಿ: ಮೂರು ನಾಲ್ಕು ಗಂಟೆ ನಿಂತು ಓಡಾಡಿದ ಮೇಲೆ ಒಮ್ಮೆ, ಅಲ್ಲಿಯೇ ಒಂದು ಗಂಟೆ ಚಪ್ಪಟೆಯಾಗಿ ಮಲಗಿ ಎದ್ದ ತಕ್ಷಣ ಇನ್ನೊಮ್ಮೆ. ಮುಂಬೈಯಲ್ಲಿ ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಲ್ಲಿಯೂ ಶ್ರವಣ ಪರೀಕ್ಷೆಯ ಸೌಲಭ್ಯವಿದೆ. ಹೋಗುವ ಮುನ್ನ ಹತ್ತು ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಎದ್ದ ಸಮಯ, ಕಿವಿ ಕಟ್ಟಿದ ಸಮಯ, ತಲೆನೋವು ಬಂದ ಸಮಯ, ಮಲಗಿದ ಎಷ್ಟು ಹೊತ್ತಿಗೆ ಬಿಟ್ಟಿತು. ನಾವು ಪರೀಕ್ಷಕರು ಕಿವಿಗೆ ಏನು ಕೇಳುತ್ತದೆ ಎಂದು ಕೇಳುತ್ತೇವೆ, ಎಷ್ಟು ಗಂಟೆಗೆ, ಯಾವ ಭಂಗಿಯಲ್ಲಿ ಎಂದು ಕೇಳುವುದು ಕಡಿಮೆ. ನಾವು ಕೇಳದಿದ್ದರೂ ನೀವು ಹೇಳಬೇಕು, ಆ ತಲೆನೋವನ್ನಂತೂ ಮೊದಲೇ ಹೇಳಬೇಕು. ಮಾತ್ರೆಗಳನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿಯೇ ನಿಲ್ಲಿಸಿ.

ಉತ್ತರ: ಬಂದರಿನ ಮನೆ, ವಾಸ್ಕೋ

ತಂಗೀ, ನಿಮ್ಮ ಬರಹ ಓದುತ್ತಿದ್ದಂತೆ ನನ್ನದೇ ಹಳೆಯ ದಿನಚರಿ ತೆರೆದಂತಾಯಿತು. ನಾನು ಅಂಕೋಲೆಯವಳು, ಗೋವಾದಲ್ಲಿ ಶಾಲಾ ಶಿಕ್ಷಕಿ, ಈಗ 51. ನನಗೆ ಇದೇ ತೊಂದರೆ ಒಂದೂವರೆ ವರ್ಷ ಇತ್ತು. ಅದರಲ್ಲಿ ಹದಿನಾಲ್ಕು ತಿಂಗಳು ಕತ್ತಿನ ಮೂಳೆ ಸವೆತವೆಂದೂ ಒಳಗಿವಿಯ ಕಾಯಿಲೆಯೆಂದೂ ಔಷಧ ನಡೆಯಿತು. ಒಂದು ಆಸ್ಪತ್ರೆಯಲ್ಲಿ, ಎಲ್ಲ ವರದಿಗಳೂ ಸರಿಯಿವೆ, ಮನಸ್ಸಿನ ಒತ್ತಡ ಕಡಿಮೆ ಮಾಡಿಕೊಳ್ಳಿ ಎಂದು ಹೇಳಿ ಕಳುಹಿಸಿದರು. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗರ ಪ್ರಶ್ನೆ ಕೇಳಿಸದೆ, ಕೇಳಿಸಿತೆಂದು ತಲೆಯಾಡಿಸಿ, ಮನೆಗೆ ಬಂದು ಅತ್ತ ದಿನಗಳಿವೆ. ಮಲಗಿದರೆ ಆರಾಮವಾಗುತ್ತದೆ ಎಂದರೆ ನೆಂಟರೇ ಸೋಮಾರಿತನವೆಂದು ತಿಳಿದರು. ಆ ನೋವು ಇನ್ನೂ ಮಾಸಿಲ್ಲ, ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಕೊನೆಗೆ ನರರೋಗ ತಜ್ಞರೊಬ್ಬರು ನನ್ನನ್ನು ಪರೀಕ್ಷಾ ಮಂಚದ ಮೇಲೆ ಅರ್ಧ ಗಂಟೆ ಮಲಗಿಸಿ, ಆಮೇಲೆ ಎಬ್ಬಿಸಿ ನಿಲ್ಲಿಸಿ, ಎರಡೂ ಸಲ ಒಂದೇ ಪ್ರಶ್ನೆಗಳನ್ನು ಕೇಳಿದರು. ಮಿದುಳಿನ ಎಂಆರ್‌ಐಯನ್ನು ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಔಷಧ ಕೊಟ್ಟು ಮಾಡಿಸಲು ಬರೆದುಕೊಟ್ಟರು. ಹಿಂದೆ ಮಾಡಿಸಿದ್ದು ಕಾಂಟ್ರಾಸ್ಟ್ ಇಲ್ಲದ್ದು, ಅದರಲ್ಲಿ ಏನೂ ಹೇಳಿರಲಿಲ್ಲ. ಈ ಬಾರಿ ಮಿದುಳಿನ ಹೊದಿಕೆ ಸುತ್ತಲೂ ಬೆಳ್ಳಗೆ ಬೆಳಗಿತ್ತು. ತಲೆಬುರುಡೆಯೊಳಗಿನ ಜಾಗ ಹಿಗ್ಗುವುದೂ ಇಲ್ಲ ಕುಗ್ಗುವುದೂ ಇಲ್ಲ, ಆದ್ದರಿಂದ ದ್ರವ ಕಡಿಮೆಯಾದಷ್ಟನ್ನೂ ರಕ್ತ ತುಂಬಿಕೊಳ್ಳುತ್ತದೆ, ಪೊರೆಯ ರಕ್ತನಾಳಗಳು ಹಿಗ್ಗುತ್ತವೆ ಎಂದು ಅವರು ತಿಳಿಸಿ ಹೇಳಿದರು. ಬೆನ್ನಿನ ಎಂಆರ್‌ಐಯಲ್ಲಿ ಎದೆಯ ಮಟ್ಟದಲ್ಲಿ ಡ್ಯೂರಾದ ಹೊರಗೆ ದ್ರವ ನಿಂತದ್ದು ಕಂಡಿತು.

ಚಿಕಿತ್ಸೆಯ ಹೆಸರು ಬ್ಲಡ್ ಪ್ಯಾಚ್. ಬೋರಲು ಮಲಗಿಸಿ, ನನ್ನದೇ ತೋಳಿನಿಂದ ರಕ್ತ ತೆಗೆದು, ಅದು ಹೆಪ್ಪುಗಟ್ಟುವ ಮೊದಲೇ ಬೆನ್ನಿನ ಎಪಿಡ್ಯೂರಲ್ ಜಾಗಕ್ಕೆ, ಅಂದರೆ ಡ್ಯೂರಾದ ಹೊರಭಾಗಕ್ಕೆ, ಸೂಜಿಯಿಂದ ನಿಧಾನವಾಗಿ ಸೇರಿಸಿದರು. ಬೆನ್ನೊಳಗೆ ಯಾರೋ ಅಂಗೈ ಇಟ್ಟು ಒತ್ತುತ್ತಿರುವಂತೆ ಅನ್ನಿಸಿತು. ತಡೆಯಲಾಗದಷ್ಟು ಒತ್ತಿದರೆ ಹೇಳಿ ಎಂದಿದ್ದರು. ಸುಮಾರು 20 ಮಿಲಿಲೀಟರ್ ಆದಾಗ ಹೇಳಿದೆ, ನಿಲ್ಲಿಸಿದರು. ಒಳಗೆ ಹೋದ ರಕ್ತ ಹೆಪ್ಪುಗಟ್ಟಿ ತೂತಿಗೆ ತೇಪೆಯಾಗುತ್ತದೆ.

ನಮ್ಮ ಮನೆಗೆ ಮುರ್ಮುಗಾಂವ್ ಬಂದರಿನ ಹಡಗುಗಳ ಕೂಗು ಕೇಳುತ್ತದೆ. ಹಡಗಿನ ಕೂಗು ತೀರ ತಗ್ಗಿದ ಸ್ವರದ್ದು, ಎದೆಗೂಡಿನಲ್ಲಿ ಕಂಪಿಸುವಂಥದ್ದು. ಒಂದೂವರೆ ವರ್ಷ ಅದು ನನಗೆ ಕಿಟಕಿಯ ಗಾಜಿನ ಅದುರುವಿಕೆಯಾಗಿ ಮಾತ್ರ ತಿಳಿಯುತ್ತಿತ್ತು. ಪ್ಯಾಚ್ ಆದ ಮೂರನೆಯ ಸಂಜೆ ಬಾಲ್ಕನಿಯಲ್ಲಿ ನಿಂತು ಬಟ್ಟೆ ತೆಗೆಯುವಾಗ ಕೂಗು ಕೂಗಾಗಿಯೇ ಕೇಳಿತು. ಕೈಯಲ್ಲಿದ್ದ ಬಟ್ಟೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ಆದರೆ ಆ ಪ್ಯಾಚ್ ನಿಂತದ್ದು ಹನ್ನೊಂದು ದಿನ. ಬಾಗಿ ಬಚ್ಚಲಿನ ಬಕೆಟ್ ಎತ್ತಿದೆ, ಸಂಜೆಗೆ ಕಿವಿ ಮತ್ತೆ ಕಟ್ಟಿತು. ಎರಡು ತಿಂಗಳ ಮೇಲೆ ಎರಡನೆಯ ಬಾರಿ ಮಾಡಿಸಿಕೊಂಡೆ. ಆಗ ಆರು ವಾರ ಬಾಗಲಿಲ್ಲ, ಭಾರ ಎತ್ತಲಿಲ್ಲ, ಸೊಂಟ ತಿರುಗಿಸಲಿಲ್ಲ. ನೆಲ ಒರೆಸುವುದು, ರಂಗೋಲಿ, ಕಾಯಿ ತುರಿಯುವ ಈಳಿಗೆಮಣೆ, ಎಲ್ಲ ಮನೆಯವರ ಪಾಲಾಯಿತು. ಮಲಬದ್ಧತೆ ಆಗದಂತೆಯೂ ನೋಡಿಕೊಳ್ಳಬೇಕು. ತಿಣುಕಿದರೂ ತೇಪೆಯ ಮೇಲೆ ಒತ್ತಡ ಬೀಳುತ್ತದೆ. ಈಗ ಎರಡು ವರ್ಷ ಕಳೆದಿದೆ. ಎಡಗಿವಿಯಲ್ಲಿ ಸಣ್ಣ ಮೊರೆತ ಉಳಿದಿದೆ, ಅದರೊಡನೆ ಬದುಕುತ್ತಿದ್ದೇನೆ. ಹಿಂದಿನ ಬೆಂಚು ಕೇಳುತ್ತದೆ.

ಉತ್ತರ: ಅರಿವಳಿಕೆ ವೈದ್ಯ, ಗೋರೆಗಾಂವ್

ಮೇಲಿನ ಇಬ್ಬರ ಮಾತುಗಳೂ ಸರಿಯಾಗಿವೆ. ಕೆಲವು ಅಂಶಗಳನ್ನು ಸೇರಿಸುತ್ತೇನೆ.

ಹೆರಿಗೆಯ ಶಸ್ತ್ರಚಿಕಿತ್ಸೆಗೆ ಬೆನ್ನಿಗೆ ಕೊಡುವ ಸ್ಪೈನಲ್ ಇಂಜೆಕ್ಷನ್ ನಮ್ಮ ದಿನನಿತ್ಯದ ಕೆಲಸ, ಆದ್ದರಿಂದ ದ್ರವ ಸೋರಿದರೆ ಏನಾಗುತ್ತದೆ ಎಂಬುದನ್ನು ಅರಿವಳಿಕೆ ವೈದ್ಯರು ಬಹಳ ಹಿಂದಿನಿಂದ ಬಲ್ಲರು. 1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬೀರ್ ಈ ವಿಧಾನವನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಳ್ಳಲು ಹೋದಾಗ ಸಿರಿಂಜ್ ಸೂಜಿಗೆ ಹೊಂದದೆ ಸಾಕಷ್ಟು ದ್ರವ ಹೊರಹೋಯಿತು. ಆಮೇಲೆ ಎದ್ದರೆ ಬರುವ, ಮಲಗಿದರೆ ಹೋಗುವ ತಲೆನೋವಿನಿಂದ ಒಂಬತ್ತು ದಿನ ನರಳಿದುದನ್ನು ಅವರೇ ದಾಖಲಿಸಿದ್ದಾರೆ. ಸ್ಪೈನಲ್ ಆದ ಕೆಲವರಲ್ಲಿ ತಗ್ಗು ಕಂಪನಾಂಕದ ಶ್ರವಣ ಕೆಲವು ದಿನ ಇಳಿಯುತ್ತದೆ, ದಪ್ಪ ಸೂಜಿ ಬಳಸಿದರೆ ಹೆಚ್ಚು ಇಳಿಯುತ್ತದೆ. ಪೆನ್ಸಿಲ್ ಮೊನೆಯ 25 ಅಥವಾ 27 ಗೇಜ್‌ನ ತೆಳು ಸೂಜಿ ಬಳಸಲು ಕಾರಣ ಈ ಸೋರಿಕೆಯೇ. ಬ್ಲಡ್ ಪ್ಯಾಚ್ ಬಂದದ್ದೂ ಇದೇ ದಾರಿಯಿಂದ. ಅಮೆರಿಕದ ಜೇಮ್ಸ್ ಗೋರ್ಮ್ಲಿ 1960ರಲ್ಲಿ ಅದನ್ನು ವರದಿ ಮಾಡಿದಾಗ ಬಳಸಿದ ರಕ್ತ ಎರಡು ಮಿಲಿಲೀಟರ್ ಮಾತ್ರ. ಸೂಜಿಯಿಲ್ಲದೆ ತಾನಾಗಿಯೇ ಆಗುವ ಒತ್ತಡದ ಇಳಿತವನ್ನು ಜರ್ಮನಿಯ ಗಿಯೋರ್ಗ್ ಶಾಲ್ಟೆನ್‌ಬ್ರಾಂಡ್ 1938ರಲ್ಲಿ ವಿವರಿಸಿದ್ದರು.

ವಯಸ್ಕರ ದೇಹದಲ್ಲಿ ಈ ದ್ರವ ಒಟ್ಟು ಸುಮಾರು 150 ಮಿಲಿಲೀಟರ್ ಇರುತ್ತದೆ, ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ಉತ್ಪತ್ತಿಯಾಗುತ್ತದೆ. ರಾತ್ರಿ ಮಲಗಿದಾಗ ನಷ್ಟ ತುಂಬಿಕೊಂಡು ಬೆಳಿಗ್ಗೆ ಹಗುರವೆನಿಸುವುದು, ಮಧ್ಯಾಹ್ನದ ಮೇಲೆ ಸೋರಿಕೆ ಗೆಲ್ಲುವುದು ಈ ಲೆಕ್ಕದಿಂದಲೇ. ಎದ್ದು ನಿಂತ ಕೂಡಲೇ ತಲೆನೋವು ಬರಬೇಕೆಂದಿಲ್ಲ, ದಿನದ ಎರಡನೆಯ ಅರ್ಧದಲ್ಲಿ ಮಾತ್ರ ಬರುವವರೂ ಇದ್ದಾರೆ.

ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಒತ್ತಡ ಅಳೆಯಲು ಬೆನ್ನಿಗೆ ಸೂಜಿ ಚುಚ್ಚಿ ನೋಡಿದರೆ ಮುಗಿಯಿತಲ್ಲ ಎಂದು ಅನೇಕರು ಕೇಳುತ್ತಾರೆ. ನೀರಿನ ಮಟ್ಟದಲ್ಲಿ 60 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಒತ್ತಡ ಇಳಿದಿದೆ ಎನ್ನುತ್ತೇವೆ ನಿಜ, ಆದರೆ ಸೋರಿಕೆಯಿರುವ ಬಹಳ ಮಂದಿಯಲ್ಲಿ ಮಲಗಿಸಿ ಅಳೆದ ಒತ್ತಡ ಸಹಜವಾಗಿಯೇ ಇರುತ್ತದೆ, ಮೇಲಾಗಿ ಸೋರುವ ಪಾತ್ರೆಗೆ ಇನ್ನೊಂದು ತೂತು ಮಾಡಿದಂತಾಗುತ್ತದೆ. ಮೊದಲು ಬೇಕಾದದ್ದು ಕಾಂಟ್ರಾಸ್ಟ್ ಸಹಿತ ಮಿದುಳಿನ ಎಂಆರ್‌ಐ ಮತ್ತು ಇಡೀ ಬೆನ್ನಿನ ಎಂಆರ್‌ಐ. ಸುಮಾರು ಐದರಲ್ಲಿ ಒಬ್ಬರಿಗೆ ಮಿದುಳಿನ ಎಂಆರ್‌ಐ ಕೂಡ ಸಹಜವಾಗಿ ಬರುತ್ತದೆ, ಆಗಲೂ ರೋಗಿಯ ಮಾತನ್ನು ತಳ್ಳಿಹಾಕಬಾರದು. ದ್ರವ ಪೊರೆಯ ಹೊರಗೆ ಸೋರದೆ ನೇರವಾಗಿ ಪಕ್ಕದ ರಕ್ತನಾಳಕ್ಕೆ ಹರಿದುಹೋಗುವ ಬಗೆಯೊಂದನ್ನು 2014ರಲ್ಲಷ್ಟೇ ಗುರುತಿಸಲಾಯಿತು. ಅದು ಬೆನ್ನಿನ ಸಾಮಾನ್ಯ ಎಂಆರ್‌ಐಯಲ್ಲಿ ಕಾಣುವುದಿಲ್ಲ, ಪಕ್ಕಕ್ಕೆ ಮಲಗಿಸಿ ಮಾಡುವ ವಿಶೇಷ ಮೈಲೋಗ್ರಾಮ್, ಅಂದರೆ ಬೆನ್ನಿನ ದ್ರವಕ್ಕೆ ಕಾಂಟ್ರಾಸ್ಟ್ ಔಷಧ ಸೇರಿಸಿ ತೆಗೆಯುವ ಚಿತ್ರ, ಬೇಕಾಗುತ್ತದೆ.

ಎಂಆರ್‌ಐಗೆ ಮೊದಲು ಮನೆಯಲ್ಲಿ ಒಂದು ಕೆಲಸ ಮಾಡಿ. ಹತ್ತು ನಿಮಿಷ ಮಲಗಿ ನಾಡಿ ಎಣಿಸಿ, ಆಮೇಲೆ ನಿಂತು ಹತ್ತು ನಿಮಿಷದವರೆಗೆ ಆಗಾಗ ಎಣಿಸಿ. 30 ಬಡಿತಕ್ಕಿಂತ ಹೆಚ್ಚು ಏರಿ ಹಾಗೆಯೇ ಉಳಿದರೆ ಪಾಟ್ಸ್ ಎಂಬ ಬೇರೆ ಸ್ಥಿತಿಯ ಬಗ್ಗೆಯೂ ವೈದ್ಯರು ಯೋಚಿಸಬೇಕಾಗುತ್ತದೆ. ಕೀಲುಗಳು ಮಿತಿಮೀರಿ ಬಾಗುವ ಸ್ವಭಾವ ನಿಮಗೆ ಅಥವಾ ಮನೆಯವರಿಗೆ ಇದ್ದರೆ ಹೇಳಿ. ಸಂಯೋಜಕ ಅಂಗಾಂಶ ದುರ್ಬಲವಿದ್ದವರಲ್ಲಿ ಡ್ಯೂರಾ ಸುಲಭವಾಗಿ ಹರಿಯುತ್ತದೆ. ಟ್ರಂಕ್ ಇಳಿಸಿದ್ದನ್ನೂ ತಪ್ಪದೆ ಹೇಳಿ. ಬೆನ್ನುಮೂಳೆಯ ಡಿಸ್ಕಿನ ಬಳಿ ಬೆಳೆದ ಸಣ್ಣ ಮೂಳೆಮುಳ್ಳು ಇಂತಹ ಒಂದು ಸೆಳೆತದಲ್ಲಿ ಪೊರೆಯನ್ನು ಹರಿಯಬಲ್ಲದು.

ತಲೆನೋವಿನ ಸ್ವರೂಪವೇ ಥಟ್ಟನೆ ಬದಲಾಗಿ ಮಲಗಿದರೂ ಹೋಗದಿದ್ದರೆ, ಮಂಪರು, ಎರಡೆರಡು ಕಾಣುವುದು, ಫಿಟ್ಸ್, ಜ್ವರ, ಕೈಕಾಲು ಸೋಲುವುದು ಕಂಡರೆ, ಇಲ್ಲಿ ಬರೆದು ಉತ್ತರಕ್ಕೆ ಕಾಯದೆ ತುರ್ತು ವಿಭಾಗಕ್ಕೆ ಹೋಗಬೇಕು. ಮಿದುಳಿನ ಸುತ್ತ ರಕ್ತ ಶೇಖರವಾಗುವುದು, ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು ಈ ಕಾಯಿಲೆಯ ಅಪಾಯಗಳು. ಹಾಗೆಯೇ, ಒಂದೆರಡು ದಿನಗಳಲ್ಲಿ ಒಂದು ಕಿವಿ ಪೂರ್ತಿ ಕೇಳದಂತಾಗಿ ಮಲಗಿದರೂ ಮರಳದಿದ್ದರೆ ಅದು ಬೇರೆಯೇ ತುರ್ತು, ಮೊದಲ ದಿನಗಳಲ್ಲೇ ಕಿವಿಯ ವೈದ್ಯರನ್ನು ಕಾಣಬೇಕು.

ಏಳು ವಾರಗಳ ನಂತರ: ಘಟ್ಟದ ಮೇಲಿನವಳು, ಡೊಂಬಿವಲಿ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಉಸಿರಿನ ಸದ್ದು ನನಗೆ ಕೇಳುತ್ತಿರಲಿಲ್ಲ, ಎದ್ದು ನಿಂತಾಗ ನಾಡಿ 12 ಬಡಿತ ಮಾತ್ರ ಏರಿತು. ಆಡಿಯೋಗ್ರಾಮ್ ಎರಡು ಬಾರಿ ಮಾಡಿಸಿದೆ. ಬೆಳಿಗ್ಗೆಯಿಂದ ಓಡಾಡಿದ ಮೇಲೆ ಎಡಗಿವಿಗೆ 250 ಹರ್ಟ್ಜ್‌ನಲ್ಲಿ 50, ಒಂದು ಗಂಟೆ ಮಲಗಿದ ಮೇಲೆ 30. ಆ ಎರಡು ಹಾಳೆಗಳನ್ನೂ ನೋಟ್‌ಬುಕ್ಕನ್ನೂ ಮೇಜಿನ ಮೇಲಿಟ್ಟಾಗ ನರರೋಗ ತಜ್ಞರು ಬೇರೆ ಪ್ರಶ್ನೆ ಕೇಳುವ ಮೊದಲು ಅವನ್ನೇ ಪೂರ್ತಿ ಓದಿದರು. ಎಂಆರ್‌ಐಯಲ್ಲಿ ಮಿದುಳಿನ ಹೊದಿಕೆ ಬೆಳಗಿದ್ದು, ಪಿಟ್ಯುಟರಿ ಗ್ರಂಥಿ ಉಬ್ಬಿದ್ದು, ಬೆನ್ನಿನ ಮೇಲ್ಭಾಗದಲ್ಲಿ ಪೊರೆಯ ಹೊರಗೆ ದ್ರವ ನಿಂತದ್ದು ಕಂಡಿತು. ಕಿವಿಯ ಮಾತ್ರೆಗಳನ್ನು ಅವರೇ ನಿಲ್ಲಿಸಿದರು.

ಮೊನ್ನೆ ಸೋಮವಾರ ಬ್ಲಡ್ ಪ್ಯಾಚ್ ಆಯಿತು. ಈಗ ನಿಂತಾಗ ಕಿವಿ ಕಟ್ಟುತ್ತಿಲ್ಲ, ಫ್ಯಾನಿನ ಎರಡೂ ಸದ್ದು ಕೇಳುತ್ತಿವೆ, ಗುಂಯ್‌ಕಾರ ಮಾತ್ರ ಬಲಗಿವಿಯಷ್ಟು ತುಂಬಿಲ್ಲ. ಆದರೆ ನಿನ್ನೆ ರಾತ್ರಿಯಿಂದ ಹೊಸದೊಂದು ತೊಂದರೆ. ಮಲಗಿದರೆ ಹಣೆ ಮತ್ತು ಕಣ್ಣಿನ ಹಿಂದೆ ನೋವು, ವಾಕರಿಕೆ, ಕಿವಿಯಲ್ಲಿ ನಾಡಿಯ ಲಯಕ್ಕೆ ಸರಿಯಾಗಿ ಸುಯ್ ಸುಯ್ ಎಂಬ ಸದ್ದು. ಎದ್ದು ಕುಳಿತರೆ ಇಳಿಯುತ್ತದೆ. ತೇಪೆ ಬಿಟ್ಟಿತೇ ಎಂಬ ಭಯದಲ್ಲಿ ರಾತ್ರಿ ನಿದ್ದೆ ಬರಲಿಲ್ಲ.

ಉತ್ತರ: ಅರಿವಳಿಕೆ ವೈದ್ಯ, ಗೋರೆಗಾಂವ್

ಭಯಪಡಬೇಡಿ, ಆದರೆ ತಡವನ್ನೂ ಮಾಡಬೇಡಿ. ತೇಪೆ ಬಿಟ್ಟಿದ್ದರೆ ನೀವು ಎದ್ದು ನಿಂತಾಗ, ಹಿಂದಲೆಯಲ್ಲಿ ನೋವು ಬರುತ್ತಿತ್ತು. ನಿಮ್ಮದು ಮಲಗಿದಾಗ, ಹಣೆಯಲ್ಲಿ ಬರುತ್ತಿದೆ, ಅಂದರೆ ನೋವಿನ ರೀತಿಯೇ ತಿರುಗುಮುರುಗಾಗಿದೆ. ಸೋರಿಕೆ ಮುಚ್ಚಿದ ಮೇಲೆ ಕೆಲವರಲ್ಲಿ ಒತ್ತಡ ಕೆಲವು ದಿನ ಅಥವಾ ಕೆಲವು ವಾರ ಹೆಚ್ಚಾಗುವುದುಂಟು. ತಲೆಯ ಕಡೆ ಎರಡು ಮೂರು ದಿಂಬು ಏರಿಸಿ ಮಲಗಿ. ಸೋರಿಕೆಯ ಕಾಲದಲ್ಲಿ ರೂಢಿಯಾಗಿದ್ದ ಹೆಚ್ಚು ಕಾಫಿ ಮತ್ತು ಹೆಚ್ಚು ನೀರನ್ನು ಸಾಮಾನ್ಯ ಪ್ರಮಾಣಕ್ಕೆ ತನ್ನಿ. ಪ್ಯಾಚ್ ಮಾಡಿದ ವೈದ್ಯರಿಗೆ ಇಂದೇ ಫೋನ್ ಮಾಡಿ, ಮಲಗಿದಾಗ ಹೆಚ್ಚು, ಕುಳಿತಾಗ ಕಡಿಮೆ ಎಂಬ ಮಾತನ್ನು ಮೊದಲ ವಾಕ್ಯದಲ್ಲೇ ಹೇಳಿ. ಅಗತ್ಯವಿದ್ದರೆ ದ್ರವದ ಉತ್ಪತ್ತಿ ತಗ್ಗಿಸುವ ಅಸೆಟಾಜೋಲಮೈಡ್ ಎಂಬ ಮಾತ್ರೆ ಕೊಡುತ್ತಾರೆ. ದೃಷ್ಟಿ ಮಸುಕಾದರೆ, ವಾಂತಿ ನಿಲ್ಲದಿದ್ದರೆ, ಜ್ವರವೋ ಕಾಲಿನ ಬಲಹೀನತೆಯೋ ಕಂಡರೆ ಫೋನಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಉತ್ತರ: ಶ್ರವಣ ಪರೀಕ್ಷಕಿ, ಚಿಂಚವಡ

ಈ ಒತ್ತಡ ಇಳಿಯುವವರೆಗೆ ಆಡಿಯೋಗ್ರಾಮ್ ಮಾಡಿಸುವ ಅವಸರ ಬೇಡ ಮೇಡಂ. ಆರು ವಾರ ಕಳೆದ ಮೇಲೆ, ಓಡಾಡಿದ ದಿನದ ಸಂಜೆಯೇ ಮಾಡಿಸಿ, ಹಳೆಯ ಎರಡು ಹಾಳೆಗಳ ಪಕ್ಕದಲ್ಲಿಟ್ಟು ನೋಡೋಣ.

ಮರುದಿನ: ಘಟ್ಟದ ಮೇಲಿನವಳು, ಡೊಂಬಿವಲಿ

ನಿನ್ನೆಯೇ ಫೋನ್ ಮಾಡಿದೆ, ಸಂಜೆ ಬರಹೇಳಿ ಕಣ್ಣಿನ ಒಳಭಾಗವನ್ನೂ ಪರೀಕ್ಷಿಸಿದರು, ಊತವಿಲ್ಲ ಎಂದರು. ಅಸೆಟಾಜೋಲಮೈಡ್ ಬರೆದುಕೊಟ್ಟಿದ್ದಾರೆ; ಬೆರಳ ತುದಿ ಜುಮುಗುಟ್ಟಬಹುದು ಎಂದು ಮೊದಲೇ ಹೇಳಿದ್ದರು, ಬೆಳಿಗ್ಗೆಯಿಂದ ಹಾಗೆಯೇ ಆಗುತ್ತಿದೆ. ಮೂರು ದಿಂಬು ಇಟ್ಟು ನಾಲ್ಕು ಗಂಟೆ ನಿದ್ದೆ ಮಾಡಿದೆ. ನೋಟ್‌ಬುಕ್ಕಿನಲ್ಲಿ ಹೊಸ ಪುಟ ಶುರುಮಾಡಿ, ಮಲಗಿದಾಗಿನ ನೋವಿಗೆ ಒಂದು ಸಾಲು, ಸುಯ್ ಸುಯ್ ಸದ್ದಿಗೆ ಇನ್ನೊಂದು ಸಾಲು ಎಳೆದಿದ್ದೇನೆ.